ಕತ್ತಲೆ ಕೋಣೆಗೆ ಬಂದವರು

ಕಾಲೇಜಿನಲ್ಲಿ ಒಂದು ಕೋಣೆಯನ್ನು ಕತ್ತಲೆ ಮಾಡಿ ಇಟ್ಟುಕೊಂಡರೆ ಸಾಕು, ಊರಿನವರು ಒಬ್ಬೊಬ್ಬರಾಗಿ ಅದರೊಳಗೆ ಬಂದು ಎಡವುತ್ತಾರೆ. ತಪ್ಪಿಸಲು ನೋಡಿದೆ. ಆಗಲಿಲ್ಲ. ಆಮೇಲೆ ಬಿಟ್ಟುಬಿಟ್ಟೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಸಣ್ಣ ಕಾಲೇಜು. ನಾನು ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ದಿನಾ ಕೋಟದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತೇಳರ ಸುಮಾರಿಗೆ ಬಿ.ಎಸ್ಸಿ. ಶುರುವಾದಾಗ ಬೆಳಕಿನ ಪ್ರಯೋಗಗಳಿಗೆಂದು ಕಟ್ಟಡದ ಪಶ್ಚಿಮದ ಮೂಲೆಯಲ್ಲಿ ಒಂದು ಕೋಣೆ ಕೊಟ್ಟರು. ಕಿಟಕಿಯಿಲ್ಲದ ಉಗ್ರಾಣ. ನನಗೆ ಬೇಕಾದದ್ದು ಅದೇ.

ಅಲ್ಲಿ ನಾವು ಮಾಡುತ್ತಿದ್ದದ್ದು ವ್ಯತಿಕರಣ. ಒಂದೇ ದೀಪದ ಬೆಳಕನ್ನು ಎರಡು ದಾರಿಯಲ್ಲಿ ಕಳಿಸಿ ಮತ್ತೆ ಕೂಡಿಸುವುದು. ಅಲೆಯ ಉಬ್ಬು ಉಬ್ಬಿಗೆ ಸಿಕ್ಕಿದಲ್ಲಿ ಹೆಚ್ಚು ಬೆಳಕು. ಉಬ್ಬು ತಗ್ಗಿಗೆ ಸಿಕ್ಕಿದಲ್ಲಿ ಎರಡೂ ಅಳಿಸಿಹೋಗಿ ಕತ್ತಲೆ. ಹೀಗೆ ಹಳದಿ, ಕಪ್ಪು, ಹಳದಿ, ಕಪ್ಪು ಎಂದು ಕೂದಲಿನಂಥ ಗೆರೆಗಳು ಬರುತ್ತವೆ. ಬೆಳಕಿಗೆ ಬೆಳಕು ಕೂಡಿಸಿ ಕತ್ತಲೆ ಮಾಡುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಈ ಊರಿನಲ್ಲಿ ನಾನೊಬ್ಬನೇ ಎಂದು ಪ್ರಾಂಶುಪಾಲರು ಹೇಳುವುದಿತ್ತು.

ಎರಡು ವರ್ಷ ಸುಮ್ಮನೆ ಕಳೆಯಿತು. ಅಷ್ಟರಲ್ಲಿ ಎಲ್ಲ ಕಡೆ ಕಂಪ್ಯೂಟರ್ ಬಂತು. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಹಂಚಿನ ಕಾರ್ಖಾನೆ. ಒಳ್ಳೆಯ ಮನುಷ್ಯ. ಮಾತು ಜೋರು. “ಆ ಕತ್ಲಿ ಕೋಣಿ ಸುಮ್ನೆ ಬಿದ್ದಿತ್ತಲ್ದೆ, ಅಲ್ಲಿ ಕಂಪ್ಯೂಟರ್ ಇಡಿ” ಎಂದರು. ಕೋಣೆ ಹೋದರೆ ಬೆಳಕಿನ ಪ್ರಯೋಗ ಹೋಯಿತು. ಪ್ರಯೋಗವಿಲ್ಲದಿದ್ದರೆ ವಿಶ್ವವಿದ್ಯಾಲಯ ವಿಭಾಗವನ್ನು ಮುಂದುವರಿಸುವುದಿಲ್ಲ. ವಿಭಾಗ ಹೋದರೆ ನಾನು ಮನೆಗೆ. ನನ್ನದು ಹೋಗಲಿ, ಎರಡನೆಯ ವರ್ಷದಲ್ಲಿ ಮರವಂತೆಯ ಒಬ್ಬಳು ಹುಡುಗಿ ಇದ್ದಳು. ಕಡಲಿಗೆ ಹೋಗುವವರ ಮನೆ. ಕಾಲೇಜು ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ ಕಳಿಸುತ್ತಿದ್ದರು. ವಿಭಾಗ ಮುಚ್ಚಿದರೆ ಅವಳ ಓದೂ ಅಲ್ಲಿಗೇ ಮುಚ್ಚುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಒಂದು ವರ್ಷ ಕೋಣೆಗೆ ಬಂದವರ ಕಥೆ ಇದು.

೧. ಗೊನೆ

ಮೊದಲು ಬಂದದ್ದು ಬಾಳೆಗೊನೆ.

ಶಾರದಾ ಪೂಜೆಗೆ ವಾರ ಇತ್ತು. ಬೆಳಿಗ್ಗೆ ಪ್ರಯೋಗಕ್ಕೆಂದು ಒಳಗೆ ಹೋದೆ. ಹಣೆಗೆ ಏನೋ ಬಡಿಯಿತು. ಮುಟ್ಟಿ ನೋಡಿದರೆ ಗೋಣಿ. ಗೋಣಿಯೊಳಗೆ ಗೊನೆ. ಮೇಲಿನ ಜಂತಿಯಿಂದ ನೇತಾಡುತ್ತಿತ್ತು. ಪಕ್ಕದಲ್ಲಿ ಇನ್ನೂ ಎರಡು.

ಅಟೆಂಡರನ್ನು ಕರೆದೆ. ಅವನು ನನ್ನಷ್ಟೇ ವಯಸ್ಸಿನವನು. ಉಪಕರಣಗಳ ಹೆಸರು ಗೊತ್ತಿಲ್ಲ, ಆದರೆ ಯಾವುದು ಕೆಟ್ಟರೂ ಸರಿಮಾಡುತ್ತಾನೆ.

“ಯಾರದು?”

“ಆಫೀಸಿನ ಗುಮಾಸ್ತ್ರದ್. ಪೂಜಿಗೆ ಅಂಬ್ರ್.”

ಗುಮಾಸ್ತರನ್ನು ಕರೆಸಿ, ತೆಗೆಯಿರಿ ಎಂದೆ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ಅಲ್ಲ ಮಾಷ್ಟ್ರೇ, ನಿಮ್ಗೆ ಗೆರೆ ಕಾಂಬುಕೂ ಕತ್ಲೆ ಬೇಕ್. ನಮ್ಗೆ ಕಾಯಿ ಹಣ್ಣಾಪುಕೂ ಕತ್ಲೆ ಬೇಕ್. ಗೊನಿ ನೇತಾಕಿರೆ ಕತ್ಲೆ ಎಂತ, ಖರ್ಚಾತಾ?”

ಗೊನೆ ಅಲ್ಲೇ ಉಳಿಯಿತು.

ಆ ವಾರದ ರೆಕಾರ್ಡ್ ಪುಸ್ತಕಗಳು ನನ್ನ ಮೇಜಿಗೆ ಬಂದವು. ಪ್ರತಿ ಪ್ರಯೋಗದ ಕೊನೆಗೆ ‘ಮುನ್ನೆಚ್ಚರಿಕೆಗಳು’ ಎಂದು ಬರೆಯುವುದು ಪದ್ಧತಿ. ಮರವಂತೆಯ ಹುಡುಗಿ ಅಚ್ಚುಕಟ್ಟಾಗಿ ಬರೆದಿದ್ದಳು: ‘ಒಂದು, ಸೀಳು ಸಪೂರವಾಗಿರಬೇಕು. ಎರಡು, ಸೀಳೂ ಪ್ರಿಸಮ್ಮಿನ ಅಂಚೂ ಸಮಾನಾಂತರವಾಗಿರಬೇಕು. ಮೂರು, ಗೊನೆ ತಲೆಗೆ ತಾಗದಂತೆ ಬಗ್ಗಿ ಬರಬೇಕು.’

ಸರಿ ಗುರುತು ಹಾಕಿದೆ.

೨. ಟೇಪು

ಆಮೇಲೆ ಅದೇ ಗುಮಾಸ್ತರು ಅಳತೆ ಟೇಪು ಹಿಡಿದು ಬಂದರು. ಎಷ್ಟು ಕಂಪ್ಯೂಟರ್ ಹಿಡಿಯುತ್ತದೆ ಎಂದು ಅಳೆದು ತರಲು ಅಧ್ಯಕ್ಷರು ಹೇಳಿದ್ದರು.

ಸೋಡಿಯಂ ದೀಪ ಹೊತ್ತಿ ಅರ್ಧ ಗಂಟೆಯಾಗಿತ್ತು. ಆ ದೀಪದಲ್ಲಿ ಇರುವುದು ಹಳದಿ ಒಂದೇ. ಬಣ್ಣ ಒಂದೇ ಆಗಿದ್ದರೆ ಗೆರೆ ಚೆನ್ನಾಗಿ ಬರುತ್ತದೆ. ಆದರೆ ಅದರ ಎದುರಿಗೆ ಕೆಂಪು, ನೀಲಿ ಕಪ್ಪಾಗಿ ಕಾಣುತ್ತವೆ, ಉಳಿದದ್ದೆಲ್ಲ ಹಳದಿ. ನಮಗೆ ಅಭ್ಯಾಸ. ಗುಮಾಸ್ತರಿಗೆ ಇಲ್ಲ. ಗೊನೆ ಕಟ್ಟುವಾಗ ದೀಪ ಉರಿಯುತ್ತಿರಲಿಲ್ಲ.

ಟೇಪಿನ ಒಂದು ತುದಿಯನ್ನು ಅಟೆಂಡರನ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಹೊರಟವರು ದೀಪದ ಎದುರು ನಿಂತುಬಿಟ್ಟರು.

“ಹ್ವಾಯ್, ನನ್ ಕೈ ಎಂತಕ್ಕೆ ಹೀಂಗಿತ್ತ್?”

ಅಟೆಂಡರ್ ಹತ್ತಿರ ಹೋಗಿ ನೋಡಿದ. “ಕೈ ಮಾತ್ರ ಅಲ್ಲ. ಮುಖವೂ ಹಾಂಗೇ ಇತ್ತ್. ನಾಲ್ಗಿ ತೆಗಿನಿ ಕಾಂಬ.”

ನಾಲಗೆ ತೆಗೆದರು. ಅಟೆಂಡರ್ ತಲೆ ಕೆಳಗೆ ಹಾಕಿದ.

“ಮಾಷ್ಟ್ರೇ, ನೀವಾರೂ ಹೇಳಿ!”

ನೋಡಿದೆ. “ಕಪ್ಪಾಗಿದೆ” ಎಂದೆ. ಸುಳ್ಳಲ್ಲ.

ಗುಮಾಸ್ತರು ಬಾಗಿಲ ಹೊರಗೆ ಹೋಗಿ ಕೈ ನೋಡಿಕೊಂಡರು. ಒಳಗೆ ಬಂದು ನೋಡಿಕೊಂಡರು. “ಹೊರ್ಗ್ ಸಮ ಇತ್ತಲೆ ಮಾರಾಯಾ?”

“ಬಿಸ್ಲಂಗೆ ಗೊತ್ತಾತಿಲ್ಲೆ” ಎಂದ ಅಟೆಂಡರ್. “ಇದ್ ಸೈನ್ಸಿನ ದೀಪ. ಕಾಮಾಲೆ ಶುರುವಾಪು ಮೊದ್ಲೇ ತೋರ್ಸತ್ತ್.”

ಕೋಣೆ ಹೋದರೆ ಅವನ ಕೆಲಸವೂ ಅಧ್ಯಕ್ಷರ ಕಾರ್ಖಾನೆಯ ಗೇಟು ಕಾಯುವುದಕ್ಕೆ ಬದಲಾಗುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಸೂಕ್ಷ್ಮದರ್ಶಕದ ಗಾಜು ಒರೆಸಿದೆ.

ಟೇಪು ನೆಲದಲ್ಲೇ ಉಳಿಯಿತು. ಗುಮಾಸ್ತರು ರಜೆ ಹಾಕಿದರು. ಬ್ರಹ್ಮಾವರದ ಕಡೆ ಕಾಮಾಲೆಗೆ ನಾಟಿ ಮದ್ದು ಕೊಡುವವರ ಹತ್ತಿರ ಹೋದರಂತೆ. ಎಣ್ಣೆ ಇಲ್ಲ, ಖಾರ ಇಲ್ಲ, ಮೀನು ಇಲ್ಲ. ಹದಿನೈದು ದಿನ ಗಂಜಿ. ಬೂತಾಯಿ ಮೀನಿಲ್ಲದೆ ಒಂದು ಹೊತ್ತೂ ಉಣ್ಣದ ಮನುಷ್ಯ.

ಹದಿನಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸಣ್ಣಗಾಗಿದ್ದರು. “ಮಾಷ್ಟ್ರೇ, ಒಂಚೂರ್ ಆ ದೀಪದ್ ಎದ್ರಿಗೆ ನನ್ನ್ ಕಾಣಿ.”

ಇನ್ನು ಮುಚ್ಚಿಡುವುದು ಸರಿಯಲ್ಲ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅಟೆಂಡರ್ ದೀಪದ ಗುಂಡಿ ಒತ್ತಿದ. ಸೋಡಿಯಂ ದೀಪ ಬಿಸಿಯಾಗಲು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ ಅದರ ಬೆಳಕು ಗುಲಾಬಿ. ಗುಮಾಸ್ತರ ಮುಖ ಮದುಮಗನ ಹಾಗೆ ಕೆಂಪಾಯಿತು.

“ಪೂರ್ತಿ ಹೋಯ್ತ್!” ಎಂದು ಕೈ ತಿರುಗಿಸಿ ಮುರುಗಿಸಿ ನೋಡಿಕೊಂಡರು. “ಮದ್ದ್ ಅಂದ್ರೆ ಹೀಂಗಿರ್ಕ್!” ದೀಪ ಹಳದಿಗೆ ತಿರುಗುವ ಮೊದಲೇ ಮೀನು ಮಾರ್ಕೆಟ್ಟಿಗೆ ಹೊರಟಿದ್ದರು.

ಅಳತೆ ಆಗಲಿಲ್ಲ. ಅಧ್ಯಕ್ಷರಿಗೆ ಸಿಟ್ಟು ಬಂತು. “ಪರೀಕ್ಷೆ ಮುಗೀಲಿ. ನಾನೇ ಬಂದು ಕಾಂತೆ” ಎಂದು ಹೇಳಿ ಕಳಿಸಿದರು.

೩. ಎರಡು ಬ್ಯಾಟರಿ

ಒಂದು ಸೋಮವಾರ ಮರವಂತೆಯ ಹುಡುಗಿ ಮುಖ ಊದಿಸಿಕೊಂಡು ಬಂದಳು.

“ಸರ್, ನೀವ್ ಹೇಳಿದ್ದ್ ಸುಳ್ಳ್.”

ಬೆಳಕಿಗೆ ಬೆಳಕು ಕೂಡಿದರೆ ಕಪ್ಪು ಗೆರೆ ಬರುತ್ತದೆ ಎಂದು ಮನೆಯಲ್ಲಿ ಹೇಳಿದಳಂತೆ. ಯಾರೂ ನಂಬಲಿಲ್ಲ. ತೋರಿಸುತ್ತೇನೆ ಎಂದು ದೋಣಿಗೆ ಒಯ್ಯುವ ಎರಡು ಬ್ಯಾಟರಿ ತೆಗೆದುಕೊಂಡು ಮನೆಯ ಕೋಣೆಯ ಬಾಗಿಲು ಹಾಕಿ ಎರಡರ ಬೆಳಕನ್ನೂ ಗೋಡೆಗೆ ಬಿಟ್ಟಳು. ಒಂದು ಗೆರೆಯೂ ಬರಲಿಲ್ಲ. ಗೋಡೆಯ ಮೂಲೆಯಲ್ಲಿದ್ದ ಜೇಡರ ಬಲೆ ಮಾತ್ರ ಚೆನ್ನಾಗಿ ಕಂಡಿತು. “ಕಾಲೇಜಿಗ್ ಹೋಯಿ ಬಲಿ ತೆಗುಕೆ ಕಲ್ತದ್ದಾ?” ಎಂದು ಅಬ್ಬಿ, ಅಂದರೆ ಅವಳ ತಾಯಿ, ಕಸ ಗುಡಿಸುವ ಹಿಡಿಸೂಡಿಯನ್ನು ಅವಳ ಕೈಗೆ ಕೊಟ್ಟರಂತೆ.

“ಎರಡು ದೀಪ ಆಗುವುದಿಲ್ಲ. ಒಂದೇ ಬೇಕು” ಎಂದೆ.

“ಎಂತಕ್ಕೆ?”

ಪುಸ್ತಕದಲ್ಲಿ ‘ಸಂಸಕ್ತ ಆಕರಗಳು’ ಎಂದಿದೆ. ಅದನ್ನು ಹೇಳಿದರೆ ಬರೆದುಕೊಳ್ಳುತ್ತಿದ್ದಳು, ಅಷ್ಟೆ. ಹಾಗಾಗಿ ಕೇಳಿದೆ. “ನಿಮ್ಮಲ್ಲಿ ಕೈರಂಪಣಿ ಎಳೆಯುತ್ತಾರಲ್ಲ?”

ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು. ಎರಡು ಹಗ್ಗ, ಎರಡು ಸಾಲು ಜನ. ಒಬ್ಬ ಕೂಗು ಹಾಕುತ್ತಾನೆ, ಎಲ್ಲರೂ ಒಟ್ಟಿಗೆ ಎಳೆಯುತ್ತಾರೆ.

“ಕೂಗು ಒಂದೇ ಆದ್ದರಿಂದ ಎರಡು ಸಾಲಿನ ಹೆಜ್ಜೆಯೂ ಕೂಡುತ್ತದೆ. ಒಂದು ಸಾಲು ಎಳೆಯುವಾಗ ಇನ್ನೊಂದು ಬಿಡುತ್ತದೆ ಎಂದಿದ್ದರೂ ಪರವಾಗಿಲ್ಲ, ಅದು ಕೊನೆಯವರೆಗೂ ಹಾಗೇ ನಡೆಯಬೇಕು. ಆಗ ಲೆಕ್ಕ ಸಿಗುತ್ತದೆ. ಎರಡು ಸಾಲಿಗೆ ಎರಡು ಬೇರೆ ಕೂಗು, ಅದೂ ಮನಸ್ಸು ಬಂದ ಹಾಗೆ ಹಾಕಿದರೆ?”

“ಬರೀ ಗಲಾಟೆ.”

“ನಿನ್ನ ಎರಡು ಬ್ಯಾಟರಿ ಹಾಗೆ. ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸಲ ಹೆಜ್ಜೆ ತಪ್ಪುತ್ತದೆ. ಮೂಡಿದ ಗೆರೆ ಮೂಡಿದಲ್ಲೇ ಅಳಿಸಿಹೋಗುತ್ತದೆ. ಅದಕ್ಕೇ ಒಂದೇ ದೀಪವನ್ನು ಎರಡು ಮಾಡುವುದು. ಕೂಗು ಒಂದೇ.”

ನಾನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಟೆಂಡರ್ ಬಾಗಿಲಲ್ಲಿ ಬಂದು ನೋಡಿ ಹೋದ.

ಹುಡುಗಿಯ ಮುಖ ಅರಳಿತು.

“ಗೊತ್ತಾಯ್ತ್ ಸರ್. ಅಪ್ಪಯ್ಯನೂ ದೊಡ್ಡಪ್ಪಯ್ಯನೂ ಒಂದೇ ಮನಿಯಂಗಿದ್ರೂ ಎರಡ್ ಬ್ಯಾಟ್ರಿ.”

“ಮತ್ತೆ ಅಬ್ಬಿ?” ಎಂದು ಬಾಯಿ ತಪ್ಪಿ ಕೇಳಿದೆ.

“ಅಬ್ಬಿ ದೀಪ ಅಲ್ಲ ಸರ್. ಅಬ್ಬಿ ಕೂಗ್.”

೪. ಹದಿನಾರನೆಯ ಉಂಗುರ

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದರು. ಹಿರಿಯರು. ದಪ್ಪ ಕನ್ನಡಕ. ಕಣ್ಣು ಸರಿಯಿಲ್ಲ ಎಂಬುದನ್ನು ಒಪ್ಪದ ಜಾತಿ. ಶಿರೂರಿನವರೆಗೂ ಕೇಳುವಂಥ ದನಿ.

ಹುಡುಗಿಗೆ ಚೀಟಿಯಲ್ಲಿ ಬಂದದ್ದು ಉಂಗುರಗಳ ಪ್ರಯೋಗ. ಗಾಜಿನ ಮೇಲೆ ಉಬ್ಬು ಗಾಜು ಇಟ್ಟರೆ ನಡುವಿನ ಗಾಳಿಯ ಪದರದಿಂದ ಬೆಳಕು ಎರಡಾಗಿ ಮರಳಿ, ಕೂಡಿ, ಕಪ್ಪು ಉಂಗುರಗಳಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಅವಳು ಎಣಿಸಿ ಬರೆದು ಮುಗಿಸಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಉಸಿರಾಡಲಿಕ್ಕೆಂದು ಅಟೆಂಡರ್ ಬಾಗಿಲು ತೆರೆದಿಟ್ಟ.

ಆಗ ಪರೀಕ್ಷಕರು ಬಂದರು. ಸೋಡಿಯಂ ದೀಪ ಮರದ ಪೆಟ್ಟಿಗೆಯೊಳಗೆ ಇರುತ್ತದೆ. ಉರಿಯುತ್ತಿದೆಯೋ ಇಲ್ಲವೋ ಎಂದು ಅವರು ನೋಡಲಿಲ್ಲ. ನೇರ ಬಗ್ಗಿ ಕಣ್ಣಿಟ್ಟರು.

“ಎಷ್ಟು ಉಂಗುರ ಸಿಕ್ಕಿತು?”

ಹುಡುಗಿ ನನ್ನ ಮುಖ ನೋಡಿದಳು. ದೀಪ ಇಲ್ಲ ಎಂದರೆ ದೊಡ್ಡವರಿಗೆ ಅವಮಾನ. ಸುಮ್ಮನಿದ್ದರೆ ಸುಳ್ಳು. ಅಂಕ ಅವರ ಕೈಯಲ್ಲಿ.

“ನಾನ್... ನಾನ್ ಬರ್ದದ್ದ್ ಹನ್ನೆರ್ಡ್ ಸರ್.”

“ಹನ್ನೆರಡಾ?” ಅವರು ತಿರುಪು ತಿರುಗಿಸಿದರು. ಇನ್ನಷ್ಟು ಬಗ್ಗಿದರು. ಎಣಿಸುವವರ ಹಾಗೆ ತುಟಿ ಅಲ್ಲಾಡಿಸಿದರು. “ಹದಿನಾರನೆಯದು ಎಷ್ಟು ಸ್ಪಷ್ಟವಾಗಿದೆಯಲ್ಲಮ್ಮ! ಕಣ್ಣು ಬಿಟ್ಟು ನೋಡಬೇಕು. ಈ ವಯಸ್ಸಿನಲ್ಲೇ ಹೀಗಾದರೆ?”

ಆದರೂ ಒಳ್ಳೆಯ ಅಂಕ ಕೊಟ್ಟರು. ಕೋಣೆಯ ವ್ಯವಸ್ಥೆ ಬಹಳ ಚೆನ್ನಾಗಿದೆ ಎಂದೂ ಬರೆದು ಸಹಿ ಹಾಕಿದರು. ಆ ಕಾಗದವನ್ನು ಪ್ರಾಂಶುಪಾಲರು ಅಧ್ಯಕ್ಷರಿಗೆ ಕಳಿಸಿದರು.

ಅವರು ಹೋದ ಮೇಲೆ ಹುಡುಗಿ ಕೇಳಿದಳು. “ಸರ್, ಕರೆಂಟ್ ಇರ್ಲಿಲ್ಲೆ ಅಲ್ದಾ?”

“ಇರಲಿಲ್ಲ.”

“ನೀವ್ ಎಂತಕ್ಕೆ ಹೇಳ್ಲಿಲ್ಲೆ?”

“ಅವರು ಕೇಳಲಿಲ್ಲ.”

ಕರೆಂಟು ಬಂದ ಮೇಲೆ, ದೀಪ ಸರಿಯಾಗಿ ಹಳದಿಯಾದ ಮೇಲೆ, ನಾನೂ ಕಣ್ಣಿಟ್ಟು ಎಣಿಸಿದೆ. ಹನ್ನೆರಡೇ ಇದ್ದವು.

೫. ಬೆಳಕು ಸಾಲದು

ಪರೀಕ್ಷೆ ಮುಗಿದ ವಾರ ಅಧ್ಯಕ್ಷರು ಬಂದೇಬಿಟ್ಟರು. ಜೊತೆಗೆ ಪ್ರಾಂಶುಪಾಲರು. ಹೊರಗೆ ಜೀಪಿನಲ್ಲಿ ಕಂಪ್ಯೂಟರಿನ ಮೇಜು ಮಾಡುವ ಆಚಾರಿಯೂ ಕೂತಿದ್ದ. ಅವನನ್ನು ಕಂಡ ಕೂಡಲೇ ಹುಡುಗಿಯ ಮುಖ ಸಣ್ಣದಾಯಿತು. ಪ್ರಯೋಗ ತೋರಿಸಲು ಅವಳನ್ನೇ ನಿಲ್ಲಿಸಿದ್ದೆ.

ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಸ್ಟೂಲಿನ ಮೇಲೆ ಕೂತರು. ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು.

“ಗೆರೆ ಕಾಂತಿತ್ತ್. ಕಪ್ಪ್ ಕಪ್ಪ್.”

“ಹೌದು.”

“ಎಂತಕ್ಕೆ ಕಪ್ಪ್?”

ಹುಡುಗಿ ಹೇಳಿದಳು. ಬೆಳಕು ಎರಡು ದಾರಿಯಿಂದ ಬರುತ್ತದೆ, ಕೆಲವು ಕಡೆ ಕೂಡಿ ಹೆಚ್ಚಾಗುತ್ತದೆ, ಕೆಲವು ಕಡೆ ಕೂಡಿ ಇಲ್ಲವಾಗುತ್ತದೆ. ಚೆನ್ನಾಗಿ ಹೇಳಿದಳು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ.

ಅಧ್ಯಕ್ಷರು ಕಣ್ಣು ತೆಗೆದು ಅವಳನ್ನು ನೋಡಿದರು. “ಎರಡ್ ಕಡೆಯಿಂದ ಬೆಳ್ಕ್ ಬಂದ್ರೂ ಕತ್ಲೆ?”

“ಹೌದ್ ಸರ್.”

“ಮತ್ತೂ ನಡೂ ನಡೂ ಕತ್ಲೆ?”

“ಹೌದ್ ಸರ್.”

ಅವರ ಮುಖ ಬಾಡಿತು. ನನ್ನ ಕಡೆ ತಿರುಗಿದರು.

“ಮಾಷ್ಟ್ರೇ, ಇಷ್ಟ್ ವರ್ಷ ಒಂದ್ ಮಾತ್ ಹೇಳ್ಲಿಲ್ಲೆ ನೀವ್! ಎರಡ್ ಕಡೆಯಿಂದ ಬಿಟ್ರೂ ಮಕ್ಕಳಿಗೆ ಬೆಳ್ಕ್ ಸಾಕಾತಿಲ್ಲೆ ಅಂದ್ರೆ! ನಾನ್ ಇಲ್ಲಿ ಕಂಪ್ಯೂಟರ್ ಇಡುಕೆ ಹೊರ್ಟಿದ್ನಲೆ! ನಮ್ ಮಕ್ಕಳ್ ಕತ್ಲಂಗೆ ಓದುದಾ?”

“ಹಾಗಲ್ಲ...” ಎಂದು ಬಾಯಿ ತೆರೆದೆ. ಪ್ರಾಂಶುಪಾಲರು ನನ್ನ ಕಾಲು ತುಳಿದರು. ಅವರದ್ದು ಚರ್ಮದ ಬೂಟು. ಬಾಯಿ ಮುಚ್ಚಿದೆ.

“ಕಂಪ್ಯೂಟರ್ ಮೇಲಿನ ಮಾಳ್ಗಿಗ್ ಹೋಯ್ಲಿ. ಈ ಕೋಣಿ ಮಾಷ್ಟ್ರಿಗೇ. ಪಶ್ಚಿಮದ ಗೋಡಿಗೆ ಒಂದ್ ದೊಡ್ಡ ಕಿಟ್ಕಿ. ನಂದೇ ದಾನ!”

ಹುಡುಗಿ ಅಳುವುದೋ ನಗುವುದೋ ಗೊತ್ತಾಗದೆ ಗೋಡೆಯ ಕಡೆ ತಿರುಗಿದಳು. ಅವಳ ಓದು ಉಳಿಯಿತು. ಪ್ರಯೋಗ ಹೋಯಿತು.

ಒಂದು ತಿಂಗಳಲ್ಲಿ ಕಿಟಕಿ ಬಂತು. ಆಳೆತ್ತರ, ಮಾರಗಲ. ಪೂರ್ತಿ ಗಾಜು. ಕೆಳಗೆ ಅಮೃತಶಿಲೆಯ ಕಲ್ಲು. ‘ಈ ಕಿಟಕಿಯನ್ನು ವಿದ್ಯಾರ್ಥಿಗಳ ಬೆಳಕಿಗಾಗಿ ದಾನವಾಗಿ ನೀಡಿದವರು’ ಎಂದು ಶುರುವಾಗಿ ಅಧ್ಯಕ್ಷರ ಹೆಸರು, ಅವರ ತೀರ್ಥರೂಪರ ಹೆಸರು. ಉದ್ಘಾಟನೆಯ ದಿನ ಲಾಡು ಹಂಚಿದರು. ಮಧ್ಯಾಹ್ನ ಎರಡರ ನಂತರ ಬಿಸಿಲು ನೇರ ಸೂಕ್ಷ್ಮದರ್ಶಕದ ಮೇಲೆ ಬೀಳುತ್ತಿತ್ತು. ಸೋಡಿಯಂ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಾಗಿತ್ತು.

ಮೂರನೆಯ ವರ್ಷದ ಪ್ರಯೋಗಗಳು ಶುರುವಾಗಬೇಕಿತ್ತು. ಗೆರೆ ಇಲ್ಲ. ಅಟೆಂಡರ್ ಎರಡು ದಿನ ನೋಡಿದ. ಮೂರನೆಯ ದಿನ ದೋಣಿಗೆ ಹೊದಿಸುವ ಕಪ್ಪು ಟಾರ್ಪಾಲು ತಂದು ಕಿಟಕಿಗೆ ಮೊಳೆ ಹೊಡೆದ. ಗೆರೆ ಬಂತು.

ನಾಲ್ಕನೆಯ ದಿನ ಅಧ್ಯಕ್ಷರು ಬಂದರು. ಮಗಳನ್ನು ಕೊಟ್ಟ ಮನೆಯ ಬೀಗರಿಗೆ ತಮ್ಮ ಕಿಟಕಿ ತೋರಿಸಬೇಕಿತ್ತು. ಬೀಗರ ಎದುರಿಗೆ ಟಾರ್ಪಾಲು.

“ಯಾರ್ ಮುಚ್ಚದ್ದ್?” ಎಂದು ಗುಡುಗಿದರು.

ಪ್ರಾಂಶುಪಾಲರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಟೆಂಡರ್ ಮುಂದೆ ಬಂದ.

“ನಾನೇ ಒಡೆಯಾ. ಕಿಟ್ಕಿ ಇಟ್ಟದ್ದೇ ಇಟ್ಟದ್ದ್, ಒಳ್ಗಿನ್ ಬೆಳ್ಕೆಲ್ಲ ಹೊರ್ಗ್ ಹೋಪುಕೆ ಶುರುವಾಯ್ತ್.”

ಅಧ್ಯಕ್ಷರು ಕಿಟಕಿ ನೋಡಿದರು. ದೀಪ ನೋಡಿದರು. “ತುಂಬ ಹೋತಿತ್ತಾ?”

“ಸುಮಾರ್ ಹೋತಿತ್ತ್. ಮೊದ್ಲೇ ಸಾಕಾತಿರ್ಲಿಲ್ಲೆ. ಈಗ ಇದ್ದದ್ದೂ ರಸ್ತಿ ಬದಿಗೆ.”

ಹಂಚಿನ ಗೂಡಿನಲ್ಲಿ ಒಂದು ಬಿರುಕು ಬಿಟ್ಟರೆ ಎಷ್ಟು ಬಿಸಿ ಸೋರುತ್ತದೆ ಎಂದು ತಿಳಿದ ಮನುಷ್ಯ. ಅವರು ಬೀಗರ ಕಡೆ ತಿರುಗಿ, “ಕಂಡ್ರ್ಯಾ? ಇದ್ ಯಾರ್ಗೂ ಹೊಳಿಲಿಲ್ಲೆ” ಎಂದರು. ಮರುದಿನವೇ ಕಾರ್ಖಾನೆಯಿಂದ ಗಾರೆಯವನು ಬಂದು ಕಿಟಕಿಯನ್ನು ಕಲ್ಲು ಕಟ್ಟಿ ಮುಚ್ಚಿ, ಸಿಮೆಂಟು ಸಾರಿಸಿ ಹೋದ. ಮೊದಲಿಗಿಂತ ಕತ್ತಲೆ.

ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾದಳು. ನಾನು ಇನ್ನೂ ಹತ್ತು ವರ್ಷ ಅಲ್ಲೇ ಪಾಠ ಮಾಡಿ ನಿವೃತ್ತನಾದೆ. ಅಮೃತಶಿಲೆಯ ಕಲ್ಲನ್ನು ಮಾತ್ರ ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ.

ನಾನು ನಿವೃತ್ತನಾಗುವ ಮೊದಲು ವಿಭಾಗದ ಮಾನ್ಯತೆಯ ನವೀಕರಣಕ್ಕೆ ವಿಶ್ವವಿದ್ಯಾಲಯದಿಂದ ಸಮಿತಿ ಬಂದಾಗ ಅದರ ಮುಖ್ಯಸ್ಥರು ಬಗ್ಗಿ ಕಲ್ಲನ್ನು ಓದಿದರು. ತಲೆ ಎತ್ತಿ ಗೋಡೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ಅಟೆಂಡರನನ್ನು ಕೇಳಿದರು.

“ಕಿಟಕಿ ಎಲ್ಲಿದೆಯಪ್ಪ?”

ಅಟೆಂಡರ್ ಗೋಡೆಯನ್ನು ಎರಡು ಸಲ ತಟ್ಟಿದ.

“ಇಲ್ಲೇ ಇತ್ತ್ ಸರ್. ಗೋಡಿ ಒಳ್ಗೆ ಜೋಪಾನಾಗಿತ್ತ್.”